ಎರಡು ತಿಂಗಳ ಸೋಡಾ

ಎರಡು ತಿಂಗಳು ಕುಡಿಯುವುದಿಲ್ಲ ಎಂದು ಹಲ್ಲಪ್ಪ ಹೇಳಿದ್ದಕ್ಕೆ ಕಾರಣವೇ ಇರಲಿಲ್ಲ. ಎಲ್ಲ ತಾಪತ್ರಯಕ್ಕೂ ಅದೇ ಮೂಲವಾಯಿತು. ಒಂದು ಕಾರಣ ಅಂತ ಇದ್ದಿದ್ದರೆ ಕೇಳಿದವರ ಮುಖಕ್ಕೆ ಎಸೆದು ಹಾಯಾಗಿರಬಹುದಿತ್ತು.

ಹಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಊರಿನ ಹಲ್ಲಿನ ಡಾಕ್ಟರುಗಳಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಹೆಸರು ಕಸುಬಿನಿಂದ ಅಂಟಿಕೊಂಡದ್ದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರು ಸುರಿದು, ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಕಚ್ಚು ಸರಿಯಿದೆಯೇ ಎಂದು ಹತ್ತು ಸಲ ನೋಡಿ ಸಾಣೆ ಹಿಡಿಯುತ್ತಿದ್ದ. ಕಿಟಕಿ ಪಕ್ಕದ ಉದ್ದನೆ ಮೇಜಿನ ಮೇಲೆ ಯಾವಾಗಲೂ ಏಳೆಂಟು ಜನರ ನಗು ಸಾಲಾಗಿ ಇರುತ್ತಿತ್ತು. ಅಷ್ಟು ನಗುವಿನ ನಡುವೆ ಕೂತವನ ಮುಖ ಮಾತ್ರ ಸದಾ ಗಂಟಿಕ್ಕಿಕೊಂಡೇ ಇರುತ್ತದೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಹದಿನಾರು ವರ್ಷಗಳಿಂದ ಶುಕ್ರವಾರ ಸಂಜೆ ಆರಕ್ಕೆ ನಾಲ್ಕು ಜನ ಒಂದೇ ಬಾರಿನ ಮಹಡಿಯಲ್ಲಿ, ಒಂದೇ ಮೂಲೆಯಲ್ಲಿ ಸೇರುತ್ತಿದ್ದರು. ಶಾಲೆಯಲ್ಲಿ ಭೂಗೋಳ ಪಾಠ ಮಾಡುವ ಮೇಷ್ಟ್ರು. ಬಸ್ ಡಿಪೋದಲ್ಲಿ ಯಾವ ಬಸ್ಸಿಗೆ ಯಾವ ಡ್ರೈವರ್ ಎಂದು ಬರೆಯುವವನು, ಎಲ್ಲರ ಬಾಯಲ್ಲಿ ಡಿಪೋ. ಹಲ್ಲಪ್ಪ. ಮತ್ತೆ ಹಲ್ಲಪ್ಪನ ಹೆಂಡತಿಯ ಅಣ್ಣ, ಟೈಲರ್, ಕೈಯಲ್ಲಿ ಹಿಡಿಯುವುದೂ ಬಾಯಲ್ಲಿ ಆಡುವುದೂ ಎರಡೂ ಹರಿತವಾದ್ದರಿಂದ ಎಲ್ಲರಿಗೂ ಕತ್ತರಿ. ಮೊದಲು ಹಲ್ಲಪ್ಪ, ಕತ್ತರಿ ಇಬ್ಬರೂ ಸ್ನೇಹಿತರು. ಭಾವ ಭಾವಮೈದುನ ಆದದ್ದು ಆಮೇಲೆ. ಹಾಗಾಗಿ ಭಾವ ಎಂದು ಕರೆಯುವ ಮರ್ಯಾದೆಯೆಲ್ಲ ತಂಗಿಯ ಎದುರಿಗೆ ಮಾತ್ರ.

ಆ ಶುಕ್ರವಾರ ಹುಡುಗಾಟಕ್ಕೂ ಅಲ್ಲದೆ, ಗಂಭೀರವಾಗಿಯೂ ಅಲ್ಲದೆ ಹಲ್ಲಪ್ಪ, "ನನಗೆ ಬರೀ ಸೋಡಾ" ಅಂದ.

"ಯಾಕೋ?" ಅಂದರು ಮೇಷ್ಟ್ರು.

"ಸುಮ್ನೆ. ಒಂದೆರಡು ತಿಂಗಳು ಬಿಟ್ಟಿರೋಣ ಅಂತ."

ಮೇಷ್ಟ್ರು ದನಿ ತಗ್ಗಿಸಿದರು. "ಲಿವರ್ರಾ?"

"ಏನೂ ಇಲ್ಲ. ಲಿವರ್ ಕಲ್ಲುಗುಂಡಿನ ಹಾಗಿದೆ."

"ಅಯ್ಯೋ, ಅದು ಕಲ್ಲಾಗೋದೇ ಕಾಯಿಲೆ ಕಣೋ!"

"ಮನೇಲಿ ಜಗಳ ಇರ್ಬೇಕು" ಅಂದ ಡಿಪೋ.

"ನನ್ನ ತಂಗಿ ಅಂಥೋಳಲ್ಲ" ಅಂದ ಕತ್ತರಿ. "ಇವನಿಗೆ ನಮ್ಮ ಮೇಲೇ ಏನೋ ಸಿಟ್ಟು. ಹೇಳ್ತಿಲ್ಲ ಅಷ್ಟೆ."

"ಯಾರ ಮೇಲೂ ಸಿಟ್ಟಿಲ್ಲ. ಬೇಡ ಅನ್ನಿಸ್ತು, ಬೇಡ ಅಂದೆ. ಇಷ್ಟೇ."

"ನೋಡಿದ್ರಾ, ಸಿಟ್ಟು ಬಂತು" ಅಂದ ಕತ್ತರಿ.

ಮನೆಯಲ್ಲಾದರೂ ನೆಮ್ಮದಿ ಸಿಕ್ಕೀತೆಂದುಕೊಂಡರೆ ಅಲ್ಲೂ ಇಲ್ಲ. ಹೆಂಡತಿ ಹತ್ತಿರ ಬಂದು ಒಮ್ಮೆ ಮೂಸಿ ನೋಡಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

"ಡಾಕ್ಟರ್ ಏನಂದ್ರು?"

"ಯಾವ ಡಾಕ್ಟರ್?"

"ಮುಚ್ಚಿಡಬೇಡಿ ರೀ. ಏನಿದ್ರೂ ತಡ್ಕೋತೀನಿ."

ಏನೂ ಇಲ್ಲ ಎಂದು ಅವನು ಎಷ್ಟು ಗಟ್ಟಿಯಾಗಿ ಹೇಳಿದನೋ ಅವಳ ಮುಖ ಅಷ್ಟೇ ಸಣ್ಣದಾಯಿತು. ಸೋಮವಾರ ಸೆಟ್ಟು ಕೊಡಲು ಹೋದಾಗ ಹಲ್ಲಿನ ಡಾಕ್ಟರಮ್ಮ ಅವನನ್ನು ಬೆಳಕಿಗೆ ತಿರುಗಿಸಿ, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ಹಳದಿ ಇದೆಯೇ ಎಂದು ನೋಡಿದರು. ಮೇಷ್ಟರ ಹೆಂಡತಿ ಅಲ್ಲಿಗೆ ದವಡೆಹಲ್ಲು ತೋರಿಸಲು ಬಂದಾಗ ಎಲ್ಲ ಹೇಳಿದ್ದರಂತೆ. ಬುಧವಾರದ ಹೊತ್ತಿಗೆ ಪಕ್ಕದ ಮನೆಯವರು ತಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು ಎಂದರು. ಹೇಗೆ ಆಗಿತ್ತು ಎಂದು ಹಲ್ಲಪ್ಪ ಕೇಳಲಿಲ್ಲ. ದೊಡ್ಡಪ್ಪ ಈಗ ಇಲ್ಲ ಎಂಬುದು ಅವರ ಮುಖದಲ್ಲೇ ಬರೆದಿತ್ತು.

ಅದಕ್ಕಿಂತ ದೊಡ್ಡ ಪೀಕಲಾಟ ಶನಿವಾರಗಳದ್ದು. ಮೊದಲು ಶನಿವಾರ ಹತ್ತು ಗಂಟೆಯವರೆಗೆ ಹಾಸಿಗೆ ಬಿಡುತ್ತಿರಲಿಲ್ಲ. ಈಗ ಆರಕ್ಕೇ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಎದ್ದು ಕೂರುತ್ತಿದ್ದ. ಮಾಡಲು ಏನೂ ಇಲ್ಲದೆ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಎತ್ತರದ ಲೆಕ್ಕದಲ್ಲಿ ಜೋಡಿಸಿಟ್ಟ. ಉಪ್ಪಿಗಾಗಿ ಮೂರು ಡಬ್ಬಿ ತೆರೆದು ನೋಡಿದ ಹೆಂಡತಿ, "ಮಲಗಿದ್ರೇ ಚೆನ್ನಾಗಿತ್ತು ನೀವು" ಅಂದಳು.

ಶುಕ್ರವಾರ ತಪ್ಪಿಸಿಕೊಂಡರೆ ಕಾಯಿಲೆ ಎಂಬುದು ಖಾತ್ರಿಯಾಗುತ್ತದೆಂಬ ಹಟಕ್ಕೆ ಹಲ್ಲಪ್ಪ ಬಾರಿಗೆ ಹೋಗುವುದನ್ನು ಬಿಡಲಿಲ್ಲ. ಸೋಡಾ ಕುಡಿದುಕೊಂಡು ಕೂತ. ಕುಡಿಯದೆ ಕೂತವನಿಗೆ ಕುಡಿದವರ ಮಾತು ಕೇಳುವುದು ಎಷ್ಟು ಕಷ್ಟ ಎಂದು ಹದಿನಾರು ವರ್ಷದಲ್ಲಿ ಮೊದಲ ಸಲ ತಿಳಿಯಿತು.

ಮೇಷ್ಟ್ರು ರೈಲಿನಲ್ಲಿ ಸೂಟ್‌ಕೇಸು ಅದಲುಬದಲಾದ ಕಥೆ ಹೇಳಿದರು. ಯಾರದೋ ಸೂಟ್‌ಕೇಸು ಮನೆಗೆ ತಂದು ತೆರೆದರೆ ಒಳಗೆ ಬರೀ ಎಡಗಾಲಿನ ಚಪ್ಪಲಿಗಳು. ಮೊದಲ ವಾರ ಹಲ್ಲಪ್ಪ ನಕ್ಕ. ಎರಡನೆಯ ವಾರ ಅದೇ ಸೂಟ್‌ಕೇಸು, ಅದೇ ಚಪ್ಪಲಿ. ಡಿಪೋ ಮತ್ತು ಕತ್ತರಿ ಇದೇ ಮೊದಲು ಕೇಳುತ್ತಿರುವಂತೆ ಮೇಜು ಕುಟ್ಟಿ ನಕ್ಕರು. ಡಿಪೋ ತನ್ನ ಮ್ಯಾನೇಜರಿಗೆ ಹೇಗೆ ಎದುರುತ್ತರ ಕೊಟ್ಟೆ ಎಂದು ಹೇಳಿದ. ಮೊದಲ ವಾರ ಅವನು "ಆಗಲ್ಲ ಸಾರ್" ಎಂದಿದ್ದನಂತೆ. ಎರಡನೆಯ ವಾರ ಎದ್ದು ನಿಂತು ಅಂದಿದ್ದ. ಮೂರನೆಯ ವಾರ ಬೀಗದ ಕೈಗೊಂಚಲನ್ನು ಮ್ಯಾನೇಜರ ಮೇಜಿನ ಮೇಲೆ ಎಸೆದಿದ್ದ. ಹೀಗೇ ಹೋದರೆ ತಿಂಗಳೊಪ್ಪತ್ತಿನಲ್ಲಿ ಮ್ಯಾನೇಜರಿಗೆ ಪೆಟ್ಟು ಬೀಳುವುದು ಗ್ಯಾರಂಟಿ.

ಹಲ್ಲಪ್ಪನ ತಲೆ ಚಿಟ್ಟು ಹಿಡಿಯಿತು. ನಾನೂ ಹದಿನಾರು ವರ್ಷ ಹೀಗೇ ಮೇಜು ಕುಟ್ಟಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ನಾನು ಯಾವ ಕಥೆ ಹೇಳಿ ಇವರ ತಲೆ ತಿನ್ನುತ್ತಿದ್ದೆನೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಮೂರನೆಯ ಶುಕ್ರವಾರವೇ ಇನ್ನೊಂದು ಮಾತು ಅವನ ಕಿವಿಗೆ ಬಿತ್ತು. ಕತ್ತರಿ ಮೂರನೆಯ ಗ್ಲಾಸು ಕೆಳಗಿಟ್ಟು, ಯಾರಿಗೂ ಅಲ್ಲ ಎಂಬಂತೆ, "ಸೂಜಿಗೆ ದಾರ ಹೋಗ್ತಿಲ್ಲ ಕಣ್ರೋ. ಬಲಗಣ್ಣಿಗೆ ಮಂಜು ಕವಿದ ಹಾಗೆ. ಎಡಗಡೆಯಿಂದ ಯಾರು ಬಂದ್ರೂ ಗೊತ್ತಾಗಲ್ಲ" ಅಂದ.

"ವಯಸ್ಸಾಯ್ತು ನಿನಗೆ" ಅಂದ ಡಿಪೋ.

"ಕಣ್ಣು ಅಂದ್ರೆ ತಮಾಷೆ ಅಲ್ಲ" ಅಂದರು ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನು ಬರ್ತೀನಿ. ನಾನೇ ಕರ್ಕೊಂಡು ಹೋಗ್ತೀನಿ. ನೀನು ನನ್ನ ತಮ್ಮ ಇದ್ದ ಹಾಗೆ."

ಕತ್ತರಿ ಅವರ ಕೈ ಹಿಡಿದುಕೊಂಡ. ಅಷ್ಟರಲ್ಲಿ ಹುರಿಗಡಲೆ ಬಂತು, ಮಾತು ಬೇರೆಲ್ಲಿಗೋ ಹೋಯಿತು. ಮೇಷ್ಟ್ರು ಹೋಗುತ್ತಾರಲ್ಲ ಎಂದು ಹಲ್ಲಪ್ಪ ಸುಮ್ಮನಾದ.

ನಾಲ್ಕನೆಯ ಶುಕ್ರವಾರ ಕತ್ತರಿ ಮೂರನೆಯ ಗ್ಲಾಸು ಕೆಳಗಿಟ್ಟ. "ಸೂಜಿಗೆ ದಾರ ಹೋಗ್ತಿಲ್ಲ ಕಣ್ರೋ" ಅಂದ.

"ಕಣ್ಣು ಅಂದ್ರೆ ತಮಾಷೆ ಅಲ್ಲ" ಅಂದರು ಮೇಷ್ಟ್ರು. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನು..."

"ಹೋದ ವಾರಾನೂ ಇದನ್ನೇ ಹೇಳಿದ್ರಲ್ಲ ಮೇಷ್ಟ್ರೇ" ಅಂದ ಹಲ್ಲಪ್ಪ. "ಹೋಗ್ಲಿಲ್ವಾ?"

ಮೇಷ್ಟ್ರು ಅವನನ್ನೇ ನೋಡಿದರು. "ಎಲ್ಲಿಗೆ?"

ಡಿಪೋ ನಕ್ಕುಬಿಟ್ಟ. ಕತ್ತರಿ ನಗಲಿಲ್ಲ. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಹಲ್ಲಪ್ಪನ ಮುಖವನ್ನು ಹುಡುಕುವವನ ಹಾಗೆ ನೋಡಿ, "ನಿನಗೆ ನೆನಪಿದೆಯಾ?" ಎಂದು ಕೇಳಿದ.

ಮನೆಗೆ ಬಂದವನೇ ಹೆಂಡತಿಗೆ ವಿಷಯ ಹೇಳಿದ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟಳು.

"ಅದಕ್ಕಾ ಅಣ್ಣ ಫೋನ್ ಮಾಡ್ತಿದ್ದದ್ದು!"

"ಯಾವಾಗ?"

"ಶನಿವಾರ ಬೆಳಿಗ್ಗೆ. ಭಾವ ಎದ್ದಿದ್ದಾರಾ ಅಂತ ಕೇಳ್ತಿದ್ದ. ಮಲಗಿದ್ದಾರೆ, ಎಬ್ಬಿಸ್ಲಾ ಅಂದ್ರೆ ಬೇಡ ಬೇಡ ಮಲಗ್ಲಿ ಅಂತಿದ್ದ. ಚಳಿಗಾಲದಲ್ಲಿ ಸುಮಾರು ಸಲ ಮಾಡಿದ್ದ. ಆಮೇಲೆ ನಿಲ್ಲಿಸಿಬಿಟ್ಟ." ಅವಳ ದನಿ ಏರಿತು. "ನೀವೂ ಬರ್ತೀನಿ ಅಂದಿದ್ರಾ?"

"ನನಗೇನು ಗೊತ್ತು!"

"ನಿಮಗಲ್ಲದೆ ಇನ್ಯಾರಿಗೆ ಗೊತ್ತಿರ್ಬೇಕು? ನನ್ನಣ್ಣನಿಗೆ ಕಣ್ಣು ಕಾಣಲ್ಲ. ವಾರ ವಾರ ಅವನ ಎದುರಿಗೇ ಕೂತಿರ್ತೀರಿ. ನನಗೇನು ಗೊತ್ತು ಅಂತೀರಲ್ಲ!"

ಉತ್ತರ ಇಲ್ಲದಾಗ ಅವನಿಗೆ ಬರುವುದು ಕೋಪ. ಬೆಳಿಗ್ಗೆಯ ತನಕ ಆ ಕೋಪವನ್ನು ಕಾಪಾಡಿಕೊಂಡು ಒಂಬತ್ತಕ್ಕೆ ಸರಿಯಾಗಿ ಕತ್ತರಿಯ ಅಂಗಡಿಗೆ ಹೋದ.

ಅಂಗಡಿ ಮುಂದೆ, ಮನೆ ಹಿಂದೆ. ಕತ್ತರಿಗೆ ಮದುವೆಯಾಗಿರಲಿಲ್ಲ, ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಹೊಲಿಗೆ ಯಂತ್ರವನ್ನು ಗೋಡೆಯಿಂದ ಎಳೆದು ಬಾಗಿಲ ಬೆಳಕಿನ ತೀರ ಹತ್ತಿರಕ್ಕೆ ತಂದಿದ್ದ. ಬಂದವರು ಅದನ್ನು ಸುತ್ತಿಕೊಂಡೇ ಒಳಗೆ ಬರಬೇಕಿತ್ತು. ಹಲ್ಲಪ್ಪ ಎಷ್ಟು ಸಲ ಅದನ್ನು ಸುತ್ತಿಕೊಂಡು ಬಂದಿದ್ದನೋ! ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮೇಜಿನ ಮೇಲೆ ಬಟ್ಟೆಯ ಸಣ್ಣ ದಿಂಬು. ಅದರಲ್ಲಿ ಸಾಲಾಗಿ ಹದಿನೈದು ಇಪ್ಪತ್ತು ಸೂಜಿಗಳು, ಪ್ರತಿಯೊಂದಕ್ಕೂ ದಾರ ಪೋಣಿಸಿತ್ತು.

"ಇದೇನಿದು?"

"ಪಕ್ಕದ ಹೂವಿನ ಅಂಗಡಿಯಕ್ಕ ಬೆಳಿಗ್ಗೆ ಪೋಣಿಸಿ ಕೊಡ್ತಾಳೆ. ಮುಗಿದ್ರೆ ಮಧ್ಯಾಹ್ನ ಇನ್ನೊಂದು ಸಲ."

"ಹಾಗಾದ್ರೆ ನಿಜಾನೇ. ನಡಿ, ಆಸ್ಪತ್ರೆಗೆ."

"ಯಾವ ಆಸ್ಪತ್ರೆ? ಕುಡಿದಾಗ ಏನೋ ಅಂದಿರ್ತೀನಿ. ಅದನ್ನೆಲ್ಲ ನಿಜ ಅಂತ ಹಿಡ್ಕೊಂಡು ಬರ್ತಾರಾ?"

"ಕುಡಿದಾಗ ಅಂದಿದ್ದು ನೀನು. ಕೇಳಿಸ್ಕೊಂಡಿದ್ದು ನಾನು. ನಾನು ಕುಡಿದಿರಲಿಲ್ಲ."

"ಅದೇ ಬಂದಿರೋ ತೊಂದರೆ" ಅಂದ ಕತ್ತರಿ.

ಹಲ್ಲಪ್ಪನಿಗೆ ರೇಗಿತು. ಏನು ಮನುಷ್ಯನಪ್ಪ ನೀನು, ಬೆಳಗಿನ ಹೊತ್ತು ಒಂದು ದಿನ ಬಾಯಿಬಿಟ್ಟು ಹೇಳಬಾರದಿತ್ತಾ, ನಾವೇನು ಸತ್ತಿದ್ವಾ ಎಂದು ಗಂಟಲು ಹರಿದುಕೊಂಡ. ಹೂವಿನ ಅಂಗಡಿಯಕ್ಕ ಇಣುಕಿ ನೋಡಿ ಹಿಂದೆ ಸರಿದಳು.

ಕತ್ತರಿ ಕೂಗಾಡಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಬೆರಳಿನಿಂದ ತಡವುತ್ತ ಮಾತಾಡಿದ. "ಕಣ್ಣು ಕಾಣದ ಟೈಲರ್ ಅಂತ ಒಂದು ಸಲ ಬಾಯಿಂದ ಬಾಯಿಗೆ ಹೋದ್ರೆ ಈ ಬಾಗಿಲಿಗೆ ಯಾರು ಬರ್ತಾರೆ ಹೇಳು. ಎರಡು ಗ್ಲಾಸ್ ಹೋದ ಮೇಲೇನೇ ಹೇಳೋಕೆ ಧೈರ್ಯ ಬರೋದು. ಹೇಳಿದೆ. ನೀನೇ ಆರು ಸಲ ಬರ್ತೀನಿ ಅಂದೆ."

"ಆರು ಸಲ?"

"ಆರು. ಮೊದಲ ಸಲ ನಾನು ಶರ್ಟಿಗೆ ಇಸ್ತ್ರಿ ಮಾಡಿ ಹಾಕ್ಕೊಂಡು, ಅಂಗಡಿ ಬಾಗಿಲು ಅರ್ಧ ಎಳೆದು ಕೂತಿದ್ದೆ. ಹನ್ನೊಂದರ ತನಕ. ಎರಡನೇ ಸಲಾನೂ ಕೂತಿದ್ದೆ. ಆಮೇಲೆ ಬರೀ ಫೋನ್ ಮಾಡ್ತಿದ್ದೆ. ಆಮೇಲೆ ಅದೂ ಬೇಡ ಅನ್ನಿಸ್ತು. ಮರೆತಿದ್ದೀಯೋ, ಮರೆತ ಹಾಗೆ ಮಾಡ್ತೀಯೋ ಅಂತ ನಿನ್ನ ಕೇಳೋದು ಹೇಗೆ?"

ಹಲ್ಲಪ್ಪ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಆ ಆರು ಮಾತುಗಳಲ್ಲಿ ಒಂದನ್ನಾದರೂ ನೆನಪಿಗೆ ತಂದುಕೊಳ್ಳಲು ನೋಡಿದ. ಬಾರಿನ ಹಳದಿ ದೀಪ, ಮೇಷ್ಟರ ನಗು, ಬಿಲ್ಲು ಹಿಡಿದು ನಿಂತ ಮಾಣಿ ಎಲ್ಲ ನೆನಪಾದವು. ತನ್ನ ಮಾತು ಮಾತ್ರ ಎಲ್ಲೂ ಸಿಗಲಿಲ್ಲ. ಕ್ಷಮಿಸು ಅನ್ನಬೇಕಿತ್ತು. ಬಾಯಿಂದ ಬಂದದ್ದು, "ಇಸ್ತ್ರಿ ಶರ್ಟ್ ಹಾಕ್ಕೋ, ಏಳು. ಇಲ್ಲಾಂದ್ರೆ ನಿನ್ನ ತಂಗೀನ ಕರೆಸ್ತೀನಿ."

ತಂಗಿ ಎಂದದ್ದೇ ತಡ, ಕತ್ತರಿ ಎದ್ದ.

ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಡೆ ಒಂದು ಸಾಲು, ಕೂರುವ ಕಡೆ ಇನ್ನೊಂದು ಸಾಲು. ಮೂರು ಗಂಟೆ ಕಾದರು. ಕತ್ತರಿ ಐದು ನಿಮಿಷಕ್ಕೊಮ್ಮೆ ಗಿರಾಕಿ ಬರುತ್ತಾರೆ, ಹೋಗೋಣ ಎನ್ನುತ್ತಿದ್ದ. ಕೊನೆಗೆ ಅಕ್ಷರ ಓದಿಸುವ ಕೋಣೆಯ ಬಾಗಿಲಲ್ಲಿ ಕೂರಿಸಿದ ಮೇಲೆ ಸುಮ್ಮನಾದ. ತುಟಿ ಮಾತ್ರ ಆಡುತ್ತಿತ್ತು. ಅವನಿಗೂ ಭಯ ಇರುತ್ತದಲ್ಲ, ಏನೋ ಪ್ರಾರ್ಥನೆ ಇರಬೇಕು ಎಂದುಕೊಂಡ ಹಲ್ಲಪ್ಪ.

ಕತ್ತರಿಯನ್ನು ಒಳಗೆ ಕರೆದರು. ಒಂದು ಕಣ್ಣು ಮುಚ್ಚಿ ಓದಿ ಅಂದಳು ನರ್ಸು. ಅವನು ನೆಟ್ಟಗೆ ಕೂತು, ಮೇಲಿನ ಸಾಲಿನಿಂದ ಕೆಳಗಿನ ಸಾಲಿನ ತನಕ ಒಂದಕ್ಷರ ತಪ್ಪದೆ ಓದಿದ. ನರ್ಸು ಬರೆದುಕೊಂಡಳು. ಬಾಗಿಲಲ್ಲಿ ನಿಂತ ಹಲ್ಲಪ್ಪ ಒಂದು ಗಳಿಗೆ ಬೆಪ್ಪಾದ. ಆಮೇಲೆ ಹೊಳೆಯಿತು. ಇವನಿಗಿಂತ ಮೊದಲು ಒಳಗೆ ಹೋದ ಮೂರು ಜನ ಗಟ್ಟಿಯಾಗಿ ಓದಿದ್ದು ಅದೇ ಸಾಲುಗಳನ್ನು.

"ಸಿಸ್ಟರ್, ಇವನು ಕಂಠಪಾಠ ಮಾಡ್ಕೊಂಡು ಬಂದಿದ್ದಾನೆ! ಬೋರ್ಡ್ ಬದಲಾಯಿಸಿ!"

"ನಾನು ಓದಿದ್ದೇ ಓದಿದ್ದು" ಅಂದ ಕತ್ತರಿ.

ನರ್ಸು ಬೋರ್ಡು ಬದಲಾಯಿಸಿದಳು. ಕತ್ತರಿ ಹಳೆಯ ಸಾಲನ್ನೇ ಮತ್ತೊಮ್ಮೆ ಓದಿದ. ಬೋರ್ಡು ಬದಲಾದದ್ದೇ ಅವನಿಗೆ ಕಂಡಿರಲಿಲ್ಲ. ನರ್ಸಿಗೆ ನಗು ಬಂತು. ಹಲ್ಲಪ್ಪನಿಗೆ ಬರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ದಾಕ್ಷಿಣ್ಯ ಇಲ್ಲದೆ ಹೇಳಿದರು. ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ. ಎಡಗಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಹಾಳಾಗಿದೆ. ಹೋದ ನೋಟ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಜೀವನಪೂರ್ತಿ ದಿನಾ ಹನಿ ಹಾಕಬೇಕು.

"ಆರು ತಿಂಗಳ ಹಿಂದೆ ಬಂದಿದ್ರೆ ಇಷ್ಟು ಹೋಗ್ತಿರಲಿಲ್ಲ. ಯಾಕೆ ಬರಲಿಲ್ಲ?"

ಹಲ್ಲಪ್ಪ ನೆಲ ನೋಡಿದ. ಕತ್ತರಿ, "ಕೆಲಸ ಇತ್ತು ಸಾರ್" ಅಂದ.

ಮುಂದಿನ ವಾರವೇ ಆಪರೇಷನ್ ಆಯಿತು. ತಂಗಿ ಅಣ್ಣನನ್ನು ಮನೆಗೆ ಕರೆತಂದು, ಕಣ್ಣಿಗೆ ಕಟ್ಟಿದ್ದ ಪಟ್ಟಿಯನ್ನೂ ಲೆಕ್ಕಿಸದೆ ಬೈದಳು. ಅವನನ್ನು ಬೈದು ಮುಗಿಸಿ ಗಂಡನ ಕಡೆ ತಿರುಗಿದಳು. ಮನೆಯಲ್ಲಿ ಬೇರೆ ಬೈಸಿಕೊಳ್ಳುವವರು ಇರಲಿಲ್ಲ. ಹನಿ ಹಾಕುವ ಕೆಲಸ ಹಲ್ಲಪ್ಪನ ಪಾಲಿಗೆ ಬಂತು, ಸಣ್ಣ ಕೆಲಸದ ಕೈ ಎಂದು. ರೆಪ್ಪೆ ಬಿಡಿಸಿ ಹನಿ ಬಿಡುವಷ್ಟರಲ್ಲಿ ಕತ್ತರಿ ಕಣ್ಣು ಕಿವುಚುತ್ತಿದ್ದ. ಹನಿ ಕೆನ್ನೆಗೆ ಇಳಿಯುತ್ತಿತ್ತು.

"ಬೇರೆಯವರ ಬಾಯಿಗೆ ಹಲ್ಲು ಕೂರಿಸ್ತೀಯ, ಒಂದು ಹನಿ ಹಾಕಕ್ಕಾಗಲ್ವಾ?"

"ಅವೆಲ್ಲ ಪ್ಲಾಸ್ಟರ್ ಬಾಯಿ. ನಿನ್ನ ಹಾಗೆ ವಟಗುಟ್ಟಲ್ಲ."

ಮೇಷ್ಟ್ರು, ಡಿಪೋ ಇಬ್ಬರೂ ನೋಡಲು ಬಂದರು. ವಿಷಯ ತಿಳಿದು ಮೇಷ್ಟ್ರು ತಲೆ ತಗ್ಗಿಸಿ ಕೂತರು. ಅವರು ಎಷ್ಟು ಸಲ ಬರುತ್ತೇನೆ ಅಂದಿದ್ದರೆಂದು ಕತ್ತರಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆದರೆ ಮುಂದಿನ ಶುಕ್ರವಾರ ಬಾರಿನಲ್ಲಿ ಇಬ್ಬರೂ ಸೇರಿ ಒಂದು ಉಪಾಯ ತೆಗೆದರು. ಹೇಗೂ ಹಲ್ಲಪ್ಪ ಕುಡಿಯುವುದಿಲ್ಲ. ಇಲ್ಲಿ ಯಾರು ಏನೇ ಹೇಳಿದರೂ ಅವನು ಬರೆದಿಟ್ಟುಕೊಂಡು ಬೆಳಿಗ್ಗೆ ಫೋನ್ ಮಾಡಿ ನೆನಪಿಸಬೇಕು.

"ನಾನೇನು ನಿಮ್ಮ ಗುಮಾಸ್ತನಾ?" ಅಂದ ಹಲ್ಲಪ್ಪ.

ಆದರೂ ಎರಡು ವಾರ ನೆನಪಿಟ್ಟುಕೊಂಡ. ಶನಿವಾರ ಏಳಕ್ಕೆ ಡಿಪೋಗೆ ಫೋನ್ ಮಾಡಿ, "ನಿನ್ನ ತಂಗಿ ಮನೆಗೆ ಹೋಗಿ ಜಗಳ ಸರಿ ಮಾಡ್ಕೋತೀನಿ ಅಂತ ನಿನ್ನೆ ನೀನೇ ಅಂದಿದ್ದೆ" ಅಂದ. "ನಾನಾ? ಅಂದಿರಲ್ಲ" ಎಂದು ಡಿಪೋ ಫೋನ್ ಇಟ್ಟ. ಹಲ್ಲಪ್ಪ ಆ ಕೆಲಸಕ್ಕೆ ಕೈ ಮುಗಿದ.

ಎರಡು ತಿಂಗಳು ಮುಗಿದ ದಿನವನ್ನು ಅವನು ಮರೆತಿದ್ದ, ಅವರು ಮರೆತಿರಲಿಲ್ಲ. ಅದೊಂದನ್ನು ಮಾತ್ರ ಸರಿಯಾಗಿ ನೆನಪಿಟ್ಟುಕೊಂಡು ಮೇಜಿನ ಮೇಲೆ ತುಂಬಿದ ಗ್ಲಾಸು ಇಟ್ಟು ಕಾಯುತ್ತಿದ್ದರು. ಹಲ್ಲಪ್ಪ ಕುಡಿದ. ರುಚಿ ಹಳೆಯದೇ. ತಪ್ಪೇನೂ ಅನ್ನಿಸಲಿಲ್ಲ, ಸ್ವರ್ಗವೂ ಕಾಣಲಿಲ್ಲ. ಎರಡನೆಯದು ಬೇಡ ಅಂದ.

"ಯಾಕೋ?" ಅಂದರು ಮೇಷ್ಟ್ರು.

"ದಯವಿಟ್ಟು ಆ ಪ್ರಶ್ನೆ ಮತ್ತೆ ಶುರು ಮಾಡ್ಬೇಡಿ."

ಪಟ್ಟಿ ಬಿಚ್ಚಿದ್ದರೂ ಕತ್ತರಿಗೆ ಇನ್ನೂ ಕೆಲವು ದಿನ ಕುಡಿಯಬಾರದೆಂಬ ಅಪ್ಪಣೆ ಇತ್ತು. ಅವನ ಎದುರಿಗೆ ಸೋಡಾ. ಮೇಷ್ಟ್ರು ಸೂಟ್‌ಕೇಸಿನ ಕಥೆ ಎತ್ತಿದರು. ಎಡಗಾಲಿನ ಚಪ್ಪಲಿ ಹೊರಬರುವ ಹೊತ್ತಿಗೆ ಕತ್ತರಿ ಹಲ್ಲಪ್ಪನ ಕಡೆ ಬಗ್ಗಿ, "ಇದನ್ನ ಇವರು ಮೊದಲೂ ಹೇಳಿದ್ರಾ?" ಎಂದು ಪಿಸುಗುಟ್ಟಿದ.

"ಈ ಎರಡು ತಿಂಗಳಲ್ಲಿ ಐದು ಸಲ."

"ದೇವರೇ" ಅಂದ ಕತ್ತರಿ. "ನೀನು ಹೇಗೆ ತಡ್ಕೊಂಡೆ?"

"ಹಲ್ಲು ಕಚ್ಚಿಕೊಂಡು."

ಆಮೇಲೆ ಇಬ್ಬರೂ ಆರಕ್ಕೆ ಬಂದು ಏಳಕ್ಕೇ ಏಳತೊಡಗಿದರು. ಮೇಷ್ಟ್ರಿಗೆ ಬೇಸರ, ಡಿಪೋಗೆ ಅನುಮಾನ. ಆದರೆ ಹೊರಗೆ ಬಂದು ಜೊತೆಯಲ್ಲಿ ನಡೆಯುವಾಗ ಇಬ್ಬರಿಗೂ ಮಾತೇ ಸಿಗುತ್ತಿರಲಿಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ ಕುಡಿಯದೆ ಏನು ಮಾತಾಡಬೇಕೆಂದು ಕಲಿತೇ ಇರಲಿಲ್ಲ. ಸೆಕೆ ಜಾಸ್ತಿ ಅಂದ ಹಲ್ಲಪ್ಪ. ಹೌದು ಅಂದ ಕತ್ತರಿ. ಎರಡು ಬೀದಿ ಮುಗಿಯಿತು. ಹಲ್ಲಪ್ಪನಿಗೆ ಸುಮ್ಮನೆ ರೇಗುತ್ತಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಹೀಗೆ ಮೂರು ವಾರ ಕಳೆದ ಮೇಲೆ ಕತ್ತರಿಗೆ ಹೊಸ ಕನ್ನಡಕ ಬಂತು. ಆ ಸಂಜೆ ಅಂಗಡಿಯ ಬಾಗಿಲಲ್ಲಿ ದೀಪ ಹಾಕಿ ಹಲ್ಲಪ್ಪನ ಕಡೆ ತಿರುಗಿದವನು ಹಾಗೇ ನಿಂತ. ಹತ್ತಿರ ಬಂದು ಕಾಲರು ಹಿಡಿದ.

"ಈ ಶರ್ಟ್ ಯಾವ ಕತ್ತೆ ಹೊಲಿದಿದ್ದು?"

"ನೀನೇ."

"ಸುಳ್ಳು."

"ಹೋದ ವರ್ಷ ನನ್ನ ಹುಟ್ಟಿದಹಬ್ಬಕ್ಕೆ ನೀನೇ ಹೊಲಿದು ಕೊಟ್ಟಿದ್ದು. ಆವತ್ತಿಂದ ಹಾಕ್ತಿದ್ದೀನಿ."

ಕತ್ತರಿ ಕಾಲರಿನ ಒಂದು ತುದಿ ನೋಡಿದ, ಇನ್ನೊಂದು ತುದಿ ನೋಡಿದ. ಒಂದು ಇನ್ನೊಂದಕ್ಕಿಂತ ಒಂದು ಬೆರಳಗಲ ಉದ್ದವಿತ್ತು. ಗುಂಡಿಪಟ್ಟಿಯ ಹೊಲಿಗೆ ಹಾವಿನ ಹಾಗೆ ಹರಿದಿತ್ತು. "ಇದನ್ನ ಹಾಕ್ಕೊಂಡು ಊರೆಲ್ಲ ತಿರುಗಿದ್ಯಾ? ನಿನಗಾದ್ರೂ ಕಣ್ಣು ಇತ್ತಲ್ಲೋ, ಹೇಳೋಕೇನಾಗಿತ್ತು?"

ಹಲ್ಲಪ್ಪ ಕತ್ತು ಬಗ್ಗಿಸಿ ಗುಂಡಿಪಟ್ಟಿಯನ್ನು ಮೊದಲ ಸಲ ಸರಿಯಾಗಿ ನೋಡಿದ.

"ಬಿಚ್ಚು."

"ಈಗ್ಲೇನಾ? ಮನೇಲಿ ಕಾಯ್ತಿರ್ತಾಳೆ ಮಾರಾಯ."

"ಕಾಯ್ಲಿ. ನನ್ನ ತಂಗಿ ತಾನೆ. ಬಿಚ್ಚು ಅಂದ್ರೆ ಬಿಚ್ಚು."

ಹಲ್ಲಪ್ಪ ಗೊಣಗುತ್ತ ಶರ್ಟು ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತ. ಹೂವಿನ ಅಂಗಡಿಯಕ್ಕ ಬಾಗಿಲು ಹಾಕುತ್ತ ಇವನನ್ನು ನೋಡಿ ಮುಖ ಆಚೆ ತಿರುಗಿಸಿದಳು. ಕತ್ತರಿ ಕಾಲರನ್ನು ದೀಪಕ್ಕೆ ಹಿಡಿದು, ತಲೆಯನ್ನು ಎಡಕ್ಕೆ ಓರೆ ಮಾಡಿ, ಒಂದೊಂದೇ ಹೊಲಿಗೆ ಬಿಚ್ಚುತ್ತ, ಹೊಲಿದವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ.